ಹೆಂಗಸರ ಗಾಡಿ

ಹೋದ ವರ್ಷ ಸೀಗಿ ಹುಣ್ಣಿಮೆಯ ಮಾರನೆಯ ದಿನ ಹುಬ್ಬಳ್ಳಿಯಿಂದ ನನ್ನ ತಂಗಿಯ ಮಗನ ಫೋನ್ ಬಂತು. ಅವನದು ಹಳೆಯ ಕಾರು ಕೊಂಡು ಮಾರುವ ವ್ಯಾಪಾರ. “ದೊಡ್ಡವ್ವಾ, ಒಂದು ಗಾಡಿ ಬಂದೈತಿ. ಹೊಸಾದಿದ್ದಾಗ ಕೋಟಿ ರೂಪಾಯಿದ್ದು. ಈಗ ಇಪ್ಪತ್ತೆಂಟು ಲಕ್ಷಕ್ಕ ಬಿಡ್ತಾರ. ಕರೆಂಟಿನ ಗಾಡಿ. ನೀ ಹೂಂ ಅಂದ್ರ ಇನ್ನೆರಡು ಇಳಸ್ತೀನಿ” ಎಂದ. ನಾನು ಕಟ್ಟೆಯ ಮೇಲೆ ಕೂತು ಒಂಬತ್ತನೆಯ ಇಯತ್ತೆಯ ಸಮಾಜ ವಿಜ್ಞಾನದ ಪೇಪರು ತಿದ್ದುತ್ತಿದ್ದೆ. ಕೆಂಪು ಪೆನ್ನು ಕೈಯಲ್ಲೇ ನಿಂತಿತು.

ನವಲಗುಂದದಂಥ ಊರಲ್ಲಿ ಹೈಸ್ಕೂಲು ಮಾಸ್ತರಿಣಿಗೆ ಕೋಟಿಯ ಕಾರು ಯಾಕೆ ಎಂದು ನೀವು ಕೇಳಬಹುದು. ನಾನೂ ಕೇಳಿಕೊಂಡೆ. ಆದರೆ ಅವನು ಸುಮ್ಮನೆ ಫೋನ್ ಮಾಡಿರಲಿಲ್ಲ. ನನ್ನ ಹೆಸರಿನಲ್ಲಿ ಬ್ಯಾಂಕಿನಲ್ಲಿ ಇಪ್ಪತ್ತಾರು ಲಕ್ಷ ರೂಪಾಯಿ ಬಿದ್ದಿರುವುದು ಬಳಗಕ್ಕೆಲ್ಲ ಗೊತ್ತಿದ್ದ ಸಂಗತಿ. ನನ್ನ ತವರು ಕಲಘಟಗಿ ಕಡೆಯ ಒಂದು ಹಳ್ಳಿ. ಅಲ್ಲಿಯ ಹೊಲವನ್ನು ತಮ್ಮಂದಿರು ಮಾರಿದಾಗ ನನಗೆ ಬಂದ ಪಾಲು ಅದು. ಕರ್ನಾಟಕದಲ್ಲಿ 1994ರಲ್ಲೇ ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತದಲ್ಲಿ ಗಂಡುಮಕ್ಕಳಷ್ಟೇ ಹಕ್ಕು ಕೊಟ್ಟರು. ಆದರೆ ಅದಕ್ಕೂ ಮೊದಲು ಮದುವೆಯಾಗಿ ಹೋದವರಿಗೆ ಅದು ಇರಲಿಲ್ಲ. ನನ್ನ ಮದುವೆ 1992ರಲ್ಲಿ. ಎರಡು ವರ್ಷ ಅವಸರ ಮಾಡಿದ್ದಕ್ಕೆ ಕಾಯಿದೆಯ ಹೊರಗೆ ಉಳಿದೆ ಎಂದು ನಗುತ್ತಿದ್ದೆ. 2005ರಲ್ಲಿ ಕೇಂದ್ರದವರೇ ತಿದ್ದುಪಡಿ ತಂದಾಗ ಒಳಗೆ ಬಂದೆ. ಸಂಬಳವಲ್ಲದೆ ನನ್ನ ಕೈಗೆ ಬಂದ ಮೊದಲ ದುಡ್ಡು ಇದೇ.

ಕಾರಿನ ವಿಚಾರ ಹುಟ್ಟಿದ್ದು ಅವ್ವನಿಂದ. ಅವಳಿಗೆ ಎಂಬತ್ತೆರಡು. ಮನೆಯೊಂದನ್ನು ಮಾರಬೇಡಿ ಎಂದು ಹಟ ಹಿಡಿದು ಹಳ್ಳಿಯಲ್ಲೇ ಇದ್ದಾಳೆ. ತಮ್ಮಂದಿರಿಬ್ಬರೂ ಪುಣೆಯಲ್ಲಿ. ಹೋದ ಮಳೆಗಾಲದಲ್ಲಿ ಒಂದು ರಾತ್ರಿ ಒಂಬತ್ತೂವರೆಗೆ ಪಕ್ಕದ ಮನೆಯವರು ಫೋನ್ ಮಾಡಿ, ಅವ್ವ ಬಚ್ಚಲದಲ್ಲಿ ಜಾರಿ ಬಿದ್ದಾಳೆ ಎಂದರು. ಹೆಚ್ಚೇನೂ ಆಗಿರಲಿಲ್ಲ ಎನ್ನುವುದು ಆಮೇಲೆ ತಿಳಿದದ್ದು. ಆ ರಾತ್ರಿ ನವಲಗುಂದದಿಂದ ಹೋಗಲು ಬಸ್ಸಿಲ್ಲ. ನಮ್ಮ ಮಾರುತಿ ಎಂಟುನೂರನ್ನು 2019ರಲ್ಲೇ ಮಾರಿದ್ದೆವು. ನಮ್ಮ ಮನೆಯವರಿಗೆ ಕಣ್ಣಿನ ಪೊರೆಯಿಂದಾಗಿ ರಾತ್ರಿ ಗಾಡಿ ಹೊಡೆಯಲು ಆಗುವುದಿಲ್ಲ. ಬೆಳಗಿನ ಮೊದಲ ಬಸ್ಸಿನವರೆಗೂ ನಾನು ಪಡಸಾಲೆಯಲ್ಲಿ ಚೀಲ ತೊಡೆಯ ಮೇಲಿಟ್ಟುಕೊಂಡು ಕೂತಿದ್ದೆ. 2023ರ ಜೂನ್ 11ರಿಂದ ನಮಗೆ, ಅಂದರೆ ಹೆಣ್ಣುಮಕ್ಕಳಿಗೆ, ಸರಕಾರಿ ಬಸ್ಸು ಪುಕ್ಕಟೆ. ಆ ‘ಶಕ್ತಿ’ಯನ್ನು ನಾನು ಹಗುರಾಗಿ ಕಾಣುವವಳಲ್ಲ, ದಿನಾ ಅದರಲ್ಲೇ ಶಾಲೆಗೆ ಹೋಗುತ್ತೇನೆ. ಆದರೆ ರಾತ್ರಿ ಒಂಬತ್ತೂವರೆಗೆ ಅದಕ್ಕೂ ಶಕ್ತಿ ಇಲ್ಲ.

ಫೋನಿನ ವಿಷಯ ತಿಳಿಸಿದಾಗ ನಮ್ಮ ಮನೆಯವರು ಪೇಪರಿನಿಂದ ತಲೆ ಎತ್ತದೆ ಹೇಳಿದರು: “ಹೆಣ್ಣಮಕ್ಕಳಿಗೆ ಹೇಳಿ ಮಾಡಿಸಿದ ಗಾಡಿ ನೋಡು ಅದು. ಕ್ಲಚ್ಚಿಲ್ಲ, ಗೇರಿಲ್ಲ, ಸಪ್ಪಳಿಲ್ಲ. ಹೆಂಗೂ ನೀ ಭಾಳ ದೂರ ಹೋಗಾಕಿ ಅಲ್ಲ.”

ಅವರು ಒಳ್ಳೆಯ ಮನಸ್ಸಿನಿಂದಲೇ ಅಂದದ್ದು. ಆದರೂ ಆ ಕೊನೆಯ ಮಾತು ನನ್ನೊಳಗೆ ಕೂತುಬಿಟ್ಟಿತು. ಇತಿಹಾಸ ಓದಿಸುವವಳ ಚಟವೆಂದರೆ ಯಾವ ಮಾತು ಕೇಳಿದರೂ ಇದು ಮೊದಲು ಎಲ್ಲಿ ಹುಟ್ಟಿತು ಎಂದು ಹುಡುಕುವುದು. ಹುಡುಕಿದೆ. ಮಗ ಬೆಂಗಳೂರಿನಿಂದ ಎರಡು ಪುಸ್ತಕ ಕಳಿಸಿದ. ನೋಡಿದರೆ, ನಮ್ಮ ಪಡಸಾಲೆಯಲ್ಲಿ ಹುಟ್ಟಿದ್ದೆಂದು ನಾನು ತಿಳಿದ ಮಾತು ನೂರು ವರ್ಷಕ್ಕೂ ಹಿಂದೆ ಅಮೇರಿಕದಲ್ಲಿ ಕಾರು ಮಾರುವವರ ಬಾಯಲ್ಲಿ ಓಡಾಡಿದ್ದು.

ಕರೆಂಟಿನ ಕಾರು ಹೊಸ ಕಾಲದ್ದು ಎಂದು ನಾವೆಲ್ಲ ತಿಳಿದಿದ್ದೇವೆ. ಹಾಗಲ್ಲ. ಸೀಸದ ಬ್ಯಾಟರಿಯನ್ನು ಫ್ರಾನ್ಸಿನ ಗಾಸ್ತೋಂ ಪ್ಲಾಂತೆ ಮಾಡಿದ್ದು 1859ರಲ್ಲಿ. ಅದರ ಮೇಲೆ ಓಡುವ ಮೂರು ಗಾಲಿಯ ಗಾಡಿ ಪ್ಯಾರಿಸಿನ ಬೀದಿಗೆ ಬಂದದ್ದು 1881ರಲ್ಲಿ. ತಾಸಿಗೆ ನೂರು ಕಿಲೋಮೀಟರಿನ ಗೆರೆಯನ್ನು ಜಗತ್ತಿನಲ್ಲಿ ಮೊದಲು ದಾಟಿದ ಕಾರೂ ಪೆಟ್ರೋಲಿನದಲ್ಲ, ಬ್ಯಾಟರಿಯದು. 1899ರ ಏಪ್ರಿಲ್ 29ರಂದು ಬೆಲ್ಜಿಯಮ್ಮಿನ ಕಮೀಲ್ ಜನಾತ್ಸಿ ಅದನ್ನು 105.88 ಕಿ.ಮೀ ವೇಗದಲ್ಲಿ ಓಡಿಸಿದ. ಆ ಕಾರಿಗೆ ಅವನಿಟ್ಟ ಫ್ರೆಂಚ್ ಹೆಸರನ್ನು ಕನ್ನಡಕ್ಕೆ ತಂದರೆ ‘ಎಂದೂ ಸಮಾಧಾನವಿಲ್ಲದವಳು’ ಎಂದಾಗುತ್ತದೆ. ಹೆಸರಿಡುವಾಗ ಸ್ತ್ರೀಲಿಂಗವೇ ಯಾಕೆ ನೆನಪಾಯಿತೋ! 1900ರಲ್ಲಿ ಅಮೇರಿಕದಲ್ಲಿ ತಯಾರಾದ 4,192 ಕಾರುಗಳಲ್ಲಿ ಉಗಿಯವು 1,681, ಬ್ಯಾಟರಿಯವು 1,575, ಪೆಟ್ರೋಲಿನವು ಬರೀ 936. ಮೂವರು ಅಣ್ಣತಮ್ಮಂದಿರಲ್ಲಿ ಪೆಟ್ರೋಲೇ ಕಿರಿಯವನು.

ಪೆಟ್ರೋಲ್ ಗಾಡಿಯನ್ನು ಆಗ ಚಾಲೂ ಮಾಡುವುದು ಗಂಡಸರಿಗೂ ಕಷ್ಟದ ಕೆಲಸ. ನಾವು ಸಣ್ಣವರಿದ್ದಾಗ ಲಾರಿಯ ಮೂತಿಗೆ ಕಬ್ಬಿಣದ ಹ್ಯಾಂಡಲ್ ಚುಚ್ಚಿ, ಕ್ಲೀನರ್ ಹುಡುಗ ಸೊಂಟ ಬಗ್ಗಿಸಿ ತಿರುವುತ್ತಿದ್ದುದನ್ನು ನೀವೂ ನೋಡಿರಬಹುದು. ಹಾಗೆಯೇ ಅದು. ಎಂಜಿನ್ನು ತಿರುಗಿ ಒದ್ದರೆ ಮಣಿಕಟ್ಟು ಮುರಿಯುತ್ತಿತ್ತು. ಮೇಲೆ ಹೊಗೆ, ಎಣ್ಣೆ, ನಾತ. ಬ್ಯಾಟರಿಯ ಗಾಡಿಗೆ ಇದೊಂದೂ ಇಲ್ಲ. ಹತ್ತಿ ಕೂತು ಹಿಡಿಕೆ ಸರಿಸಿದರೆ ಹೊರಟಿತು. ಹಾಗಾಗಿ ಶ್ರೀಮಂತರ ಮನೆಯ ಹೆಂಗಸರು ಅದನ್ನು ಮೆಚ್ಚಿದರು, ಕಂಪನಿಗಳು ಹೆಂಗಸರನ್ನು ಮೆಚ್ಚಿದವು. 1909ರಲ್ಲಿ ಅಮೇರಿಕದ ಅಧ್ಯಕ್ಷರ ಮನೆಗೆ ಮೊದಲ ಸಲ ಮೋಟಾರುಗಳನ್ನು ಕೊಂಡಾಗ ಅವುಗಳಲ್ಲೊಂದು ಬೇಕರ್ ಕಂಪನಿಯ ಬ್ಯಾಟರಿ ಗಾಡಿ; ಅದು ಅಧ್ಯಕ್ಷ ಟಾಫ್ಟರ ಹೆಂಡತಿ ಹೆಲೆನ್ ಅವರ ಉಪಯೋಗಕ್ಕೆ.

ನನಗೆ ಬಹಳ ಹಿಡಿಸಿದ್ದು ‘ಡೆಟ್ರಾಯಿಟ್ ಎಲೆಕ್ಟ್ರಿಕ್’ ಎಂಬ ಗಾಡಿಯ ಚಿತ್ರ. 1907ರಿಂದ 1939ರವರೆಗೆ ಅಂಥವು ಸುಮಾರು 13,000 ತಯಾರಾದವು. ಹೊರಗಿನಿಂದ ನೋಡಿದರೆ ಗಾಜಿನ ಮೇಣೆ. ಒಳಗಡೆ ಮೆತ್ತನೆಯ ಆಸನ, ಕಿಟಕಿಗೆ ಪರದೆ, ಹೂವು ಸಿಗಿಸಲು ಪುಟ್ಟ ಹೂದಾನಿ. ಓಡಿಸುವವಳು ಕೂರುವುದು ಹಿಂದಿನ ಆಸನದಲ್ಲಿ. ಮುಂದಿನ ಆಸನ ಹಿಂದಕ್ಕೆ ಮುಖ ಮಾಡಿದೆ. ಗೆಳತಿಯರು ಎದುರುಬದುರು ಕೂತು, ನಮ್ಮ ನವಲಗುಂದದ ಜಮಖಾನೆಯ ಮೇಲೆ ಕೂತಂತೆ, ಮಾತಾಡುತ್ತ ಹೋಗಬಹುದು. ಚಕ್ರದ ಬದಲು ದೋಣಿಯ ಚುಕ್ಕಾಣಿಯಂಥ ಅಡ್ಡ ಹಿಡಿಕೆ. ವೇಗ ತಾಸಿಗೆ ಮೂವತ್ತು ನಲವತ್ತು ಕಿಲೋಮೀಟರು.

ಈ ಗಾಡಿ ಓಡಿಸಿದವರಲ್ಲಿ ಒಬ್ಬಳು ಕ್ಲಾರಾ. ಅವಳ ಗಂಡನ ಹೆಸರು ಹೆನ್ರಿ ಫೋರ್ಡ್! ಪೆಟ್ರೋಲಿನ ಮಾಡೆಲ್ ಟಿ ಕಾರನ್ನು 1908ರಲ್ಲಿ ತಂದು, 1913ರಲ್ಲಿ ಅದನ್ನು ಸಾಲುಗಟ್ಟಿಸಿ ಮಾಡುವ ಕಾರ್ಖಾನೆ ನಡೆಸಿ, ಜಗತ್ತಿಗೆಲ್ಲ ಪೆಟ್ರೋಲ್ ಕುಡಿಸಿದ ಅದೇ ಫೋರ್ಡ್. ಅವನ ಹೆಂಡತಿಯ ಗಾಡಿ ಮಾತ್ರ 1914ರ ಡೆಟ್ರಾಯಿಟ್ ಎಲೆಕ್ಟ್ರಿಕ್, ಅದೂ ಬೇರೆ ಕಂಪನಿಯದು. ಇವತ್ತಿಗೂ ಅದು ಡಿಯರ್‌ಬಾರ್ನ್ ಊರಿನಲ್ಲಿ ಫೋರ್ಡನದೇ ಹೆಸರಿನ ವಸ್ತುಸಂಗ್ರಹಾಲಯದಲ್ಲಿದೆ. ಗಂಡನ ಅಂಗಡಿಯ ಸಾಮಾನು ಹೆಂಡತಿಗೆ ಒಗ್ಗದಿರುವುದು ನಮ್ಮ ಕಡೆಯೂ ಇದೆ ಬಿಡಿ. ಸಿಹಿ ಅಂಗಡಿಯವನ ಹೆಂಡತಿ ಮನೆಯಲ್ಲೇ ಉಂಡಿ ಕಟ್ಟುತ್ತಾಳೆ.

ಇಲ್ಲಿಯವರೆಗೆ ಓದಿ ನನಗೆ ಖುಷಿಯಾಗಿತ್ತು. ಮುಂದೆ ಓದಿದಾಗ ಖುಷಿ ಸ್ವಲ್ಪ ಇಳಿಯಿತು. ಮಗ ಕಳಿಸಿದ ಒಂದು ಪುಸ್ತಕ ವರ್ಜೀನಿಯಾ ಶಾರ್ಫ್ ಎಂಬ ಇತಿಹಾಸಕಾರ್ತಿ 1991ರಲ್ಲಿ ಬರೆದದ್ದು. ಹೆಂಗಸರು ಸ್ಟೇರಿಂಗ್ ಹಿಡಿದ ಕತೆ. ಅದರಿಂದ ತಿಳಿಯುವುದು ಏನೆಂದರೆ, ಹೆಂಗಸರಿಗೆ ಈ ಗಾಡಿ ಸರಿ ಎಂದವರು ಅದರ ಗುಣಗಳನ್ನಷ್ಟೇ ಲೆಕ್ಕ ಹಿಡಿದಿರಲಿಲ್ಲ, ಅದರ ಕೊರತೆಯನ್ನೂ ಹಿಡಿದಿದ್ದರು. ಒಂದು ಸಲ ಚಾರ್ಜು ಮಾಡಿದರೆ ಇಷ್ಟೇ ದೂರ. ಅದು ಗಂಡಸಿಗೆ ಸಾಲದು, ಹೆಂಗಸಿಗೆ ಸಾಕು. ಅವಳಿಗೆ ಪೇಟೆ, ಗೆಳತಿಯ ಮನೆ, ಮಕ್ಕಳ ಶಾಲೆ, ಸಂಜೆಯೊಳಗೆ ಮನೆ. ಗಾಡಿ ಎಷ್ಟು ದೂರ ಹೋಗುತ್ತದೆ ಎನ್ನುವ ಪ್ರಶ್ನೆ ಹೆಂಗಸು ಎಷ್ಟು ದೂರ ಹೋಗಬೇಕು ಎನ್ನುವ ಪ್ರಶ್ನೆಯಾಗಿಬಿಟ್ಟಿತ್ತು. ‘ಹೆಂಗೂ ನೀ ಭಾಳ ದೂರ ಹೋಗಾಕಿ ಅಲ್ಲ.’

ಆದರೆ ಮೋಟಾರಿನಲ್ಲಿ ದೂರ ಹೋದ ಮೊದಲ ಮನುಷ್ಯಳು ಹೆಂಗಸೇ. ಜರ್ಮನಿಯ ಬೆರ್ಟಾ ಬೆಂಜ್, 1888ರ ಆಗಸ್ಟಿನಲ್ಲಿ, ಗಂಡ ಕಾರ್ಲನಿಗೆ ಹೇಳದೆ, ಅವನು ಮಾಡಿದ ಮೂರು ಗಾಲಿಯ ಪೆಟ್ರೋಲ್ ಗಾಡಿಯಲ್ಲಿ ಇಬ್ಬರು ಗಂಡುಮಕ್ಕಳನ್ನು ಕೂರಿಸಿಕೊಂಡು ಮಾನ್‌ಹೈಮಿನಿಂದ ಫೋರ್ಟ್ಸ್‌ಹೈಮಿಗೆ ಹೊರಟಳು. ನೂರು ಕಿಲೋಮೀಟರಿಗೂ ಹೆಚ್ಚು ದಾರಿ. ಎಣ್ಣೆ ತೀರಿದಾಗ ವೀಸ್ಲೋಖ್ ಊರಿನ ಔಷಧದ ಅಂಗಡಿಯಲ್ಲಿ ಕೊಂಡಳು. ನಳಿಗೆ ಕಟ್ಟಿಕೊಂಡಾಗ ತಲೆಯ ಟೋಪಿಯ ಪಿನ್ನಿನಿಂದ ಬಿಡಿಸಿದಳು. ಬ್ರೇಕಿಗೆ ಚಮ್ಮಾರನಿಂದ ಚರ್ಮ ಬಡಿಸಿದಳು. ಹೋಗಿದ್ದು ಎಲ್ಲಿಗೆ ಗೊತ್ತೇ? ತವರಿಗೆ, ತಾಯಿಯನ್ನು ನೋಡಲು. ಇದನ್ನು ನಮ್ಮ ಮನೆಯವರಿಗೆ ಓದಿ ಹೇಳಿದೆ. “ಗಂಡಗ ಹೇಳದ ಹೋದ್ಲು?” ಎಂದರು. ಅಷ್ಟೇ ಅವರಿಗೆ ಕೇಳಿಸಿದ್ದು.

ಬ್ಯಾಟರಿ ಗಾಡಿಯ ಆ ವೈಭವ ಹೆಚ್ಚು ಕಾಲ ಉಳಿಯಲಿಲ್ಲ. 1912ರಲ್ಲಿ ಚಾರ್ಲ್ಸ್ ಕೆಟರಿಂಗನು ಮಾಡಿದ ವಿದ್ಯುತ್ ಸ್ಟಾರ್ಟರ್ ಕ್ಯಾಡಿಲಾಕ್ ಕಾರಿನಲ್ಲಿ ಬಂತು. ಹ್ಯಾಂಡಲ್ ತಿರುವುವ ಕಷ್ಟ ತಪ್ಪಿತು. ಪೆಟ್ರೋಲ್ ಗಾಡಿಯನ್ನು ಹೀಗೆ ಗೆಲ್ಲಿಸಿದ್ದೂ ಒಂದು ಬ್ಯಾಟರಿ, ಒಂದು ಸಣ್ಣ ಮೋಟಾರು ಎನ್ನುವುದು ಚೋದ್ಯ. ಬೆಲೆಯೂ ಹಾಗೆಯೇ. ಆ ವರ್ಷ ಬ್ಯಾಟರಿ ಗಾಡಿಯೊಂದಕ್ಕೆ 1,750 ಡಾಲರ್ ಇದ್ದರೆ ಪೆಟ್ರೋಲಿನದು 650ಕ್ಕೆ ಸಿಗುತ್ತಿತ್ತು. ಟೆಕ್ಸಾಸಿನಲ್ಲಿ 1901ರಲ್ಲೇ ಎಣ್ಣೆಯ ಬುಗ್ಗೆ ಚಿಮ್ಮಿತ್ತು. ಇನ್ನೊಂದು ಕಾರಣ ಲೆಕ್ಕದ ಪುಸ್ತಕದಲ್ಲಿ ಸಿಗುವಂಥದ್ದಲ್ಲ: ಹೆಂಗಸರ ಗಾಡಿ ಎಂಬ ಹೆಸರು ಅಂಟಿದ ಮೇಲೆ ಗಂಡಸರು ಅದರಲ್ಲಿ ಕೂರಲು ನಾಚಿದರು. 1920ರ ದಶಕದಲ್ಲಿ ಡೆಟ್ರಾಯಿಟ್ ಎಲೆಕ್ಟ್ರಿಕ್‌ನವರು ತಮ್ಮ ಗಾಡಿಗೆ ಪೆಟ್ರೋಲ್ ಕಾರಿನ ಹಾಗೆ ಕಾಣುವ ಸುಳ್ಳು ಮೂತಿಯನ್ನೇ ಕೂರಿಸಿದರು. ಎಂಜಿನ್ನೇ ಇಲ್ಲದ ಗಾಡಿಗೆ ಎಂಜಿನ್ನಿನ ಪೆಟ್ಟಿಗೆ! ಅಂಟಿಸಿದ ಮೀಸೆ ಎನ್ನಿ.

ಓದುತ್ತ ಒಂದು ಅಂಕಿಯ ಹತ್ತಿರ ನಾನು ತಡೆದೆ. ಆ ಗಾಡಿ ಒಂದು ಚಾರ್ಜಿಗೆ ಓಡುತ್ತಿದ್ದದ್ದು ಸುಮಾರು 80 ಮೈಲಿ. ಕಿಲೋಮೀಟರಿನಲ್ಲಿ 130ರ ಹತ್ತಿರ. ನವಲಗುಂದದಿಂದ ಹುಬ್ಬಳ್ಳಿ, ಅಲ್ಲಿಂದ ಕಲಘಟಗಿ ರಸ್ತೆ ಹಿಡಿದು ಅವ್ವನ ಮನೆ, ಹೆಚ್ಚುಕಡಿಮೆ 65. ಹೋಗಿ ಬರಲು 130. ಅಂದರೆ 1914ರ ಆ ಗಾಜಿನ ಮೇಣೆ ಕೂಡ ನನ್ನನ್ನು ಅವ್ವನ ಹತ್ತಿರ ಒಯ್ದು ತರುತ್ತಿತ್ತು. ನಡುವೆ ಅವಳನ್ನು ಹುಬ್ಬಳ್ಳಿಯ ದವಾಖಾನೆಗೆ ಕರೆದೊಯ್ದು ಮರಳಿ ಬಿಡುವುದಾದರೆ ಮಾತ್ರ ದಾರಿಯಲ್ಲಿ ನಿಲ್ಲಿಸುತ್ತಿತ್ತು. ಅವತ್ತಿನಿಂದ ‘ಭಾಳ ದೂರ’ ಎಂದರೆ ಎಷ್ಟು ಎಂಬುದಕ್ಕೆ ನನ್ನ ಹತ್ತಿರ ಒಂದು ಅಂಕಿ ಸಿಕ್ಕಿತು. 130, ಮೇಲೆ ದವಾಖಾನೆಯ 55.

ನಮ್ಮ ದೇಶದಲ್ಲೂ ಈ ಕತೆಗೆ ಒಂದು ಅಧ್ಯಾಯವಿದೆ, ಅದು ನಮ್ಮ ಬೆಂಗಳೂರಿನದು. 1994ರಲ್ಲಿ ಅಲ್ಲಿಯ ಮೈನಿ ಮನೆತನದವರು ಕ್ಯಾಲಿಫೋರ್ನಿಯಾದ ಒಂದು ಕಂಪನಿಯ ಜೊತೆ ಸೇರಿ ಕೆಲಸ ಶುರುಮಾಡಿ, ಚೇತನ್ ಮೈನಿಯವರ ಮುಂದಾಳುತನದಲ್ಲಿ 2001ರಲ್ಲಿ ‘ರೇವಾ’ ಕಾರನ್ನು ಬೀದಿಗೆ ಬಿಟ್ಟರು. ಬೊಮ್ಮಸಂದ್ರದಲ್ಲಿ ಕಾರ್ಖಾನೆ. ಸೀಸದ ಬ್ಯಾಟರಿ, ಒಂದು ಚಾರ್ಜಿಗೆ 80 ಕಿಲೋಮೀಟರು. ಅಂದರೆ ಕ್ಲಾರಾಳ ಗಾಡಿಗಿಂತ ಐವತ್ತು ಕಡಿಮೆ! ನಾನು 2004ರಲ್ಲಿ ತರಬೇತಿಗೆಂದು ಬೆಂಗಳೂರಿಗೆ ಹೋದಾಗ ಜಯನಗರದಲ್ಲಿ ಒಂದನ್ನು ನೋಡಿದೆ. ಬಾಗಿಲು ಎರಡೇ. ಪಾತ್ರೆಯ ಅಂಗಡಿಯ ಮುಂದೆ ಇಟ್ಟ ಸ್ಟೀಲ್ ಡಬ್ಬಿಯಷ್ಟು ಕಾಣುತ್ತಿತ್ತು. ಒಳಗಿನಿಂದ ನನ್ನ ವಯಸ್ಸಿನ ಒಬ್ಬಾಕೆ ಕಾಯಿಪಲ್ಲೆಯ ಚೀಲ ಹಿಡಿದು ಇಳಿದಳು. ಸಪ್ಪಳವಿಲ್ಲದೆ ಬಂದು ನಿಂತ ಆ ಗಾಡಿಗೆ ನಾನು ಹೆಚ್ಚುಕಡಿಮೆ ಅಡ್ಡ ಹೋಗಿದ್ದೆ. ಅದೇ ಕಾರು ಲಂಡನ್ನಿನಲ್ಲಿ ‘ಜಿ-ವಿಜ್’ ಎಂಬ ಹೆಸರಿನಲ್ಲಿ ಓಡಿತು. 2003ರಲ್ಲಿ ಆ ನಗರದ ನಡುಭಾಗಕ್ಕೆ ಬರುವ ಕಾರುಗಳಿಗೆ ಹಾಕಿದ ಸುಂಕ ಇದಕ್ಕಿರಲಿಲ್ಲ. 2007ರಲ್ಲಿ ಢಿಕ್ಕಿ ಪರೀಕ್ಷೆಗಳಾಗಿ ಅಲ್ಲಿ ಅದಕ್ಕೆ ಕೆಟ್ಟ ಹೆಸರೂ ಬಂತು. 2010ರಲ್ಲಿ ಕಂಪನಿಯ ಹೆಚ್ಚಿನ ಪಾಲನ್ನು ಮಹೀಂದ್ರಾದವರು ಕೊಂಡರು. ಅಮೇರಿಕದಲ್ಲಿ ಇನ್ನೊಂದು ವಿಚಿತ್ರ ನಡೆದಿತ್ತು. 1996ರಲ್ಲಿ ಬಂದ ‘ಇವಿ ಒನ್’ ಎಂಬ ಕಾರನ್ನು ಜನರಲ್ ಮೋಟಾರ್ಸ್‌ನವರು ಬಾಡಿಗೆಗೆ ಕೊಟ್ಟರೇ ಹೊರತು ಮಾರಲಿಲ್ಲ. ಅವಧಿ ಮುಗಿದ ಮೇಲೆ ವಾಪಸು ಪಡೆದು ಬಹಳಷ್ಟನ್ನು ಜಜ್ಜಿ ಹಾಕಿದರು. ಓಡಿಸಿದವರು ದುಡ್ಡು ಹಿಡಿದು ನಿಂತರೂ ಕೊಡಲಿಲ್ಲ. ಹಳೆಯ ಕರೆಂಟಿನ ಕಾರನ್ನು ಕೊಳ್ಳಲೋ ಬೇಡವೋ ಎಂದು ಕೂತು ಯೋಚಿಸುವ ಭಾಗ್ಯವೇ ಆ ಜನಕ್ಕೆ ಸಿಗಲಿಲ್ಲ.

ನನಗೆ ಸಿಕ್ಕಿತ್ತು. ಒಂದು ರವಿವಾರ ಹುಬ್ಬಳ್ಳಿಗೆ ಹೋಗಿ ಗಾಡಿ ನೋಡಿದೆ. ಹೆಸರು ಬೇಡ, ಪರದೇಶದ ದೊಡ್ಡ ಕಂಪನಿಯದು, 2021ರಲ್ಲಿ ನೋಂದಾಯಿಸಿದ್ದು. ಚಂದವಿತ್ತು, ಸುಳ್ಳು ಹೇಳುವುದಿಲ್ಲ. ಕಪ್ಪು ಬಣ್ಣದಲ್ಲಿ ನನ್ನ ಮುಖ ಕಾಣುತ್ತಿತ್ತು. ಸೀಟಿನ ಚರ್ಮ ಕೂಸಿನ ಕೆನ್ನೆಯ ಹಾಗಿತ್ತು. ಕೋಟಿಯದು ನಾಲ್ಕು ವರ್ಷಕ್ಕೆ ಇಪ್ಪತ್ತೆಂಟಕ್ಕೆ ಯಾಕೆ ಇಳಿಯಿತು ಎಂದು ತಂಗಿಯ ಮಗನನ್ನು ಕೇಳಿದೆ. “ಮಂದಿ ಅಂಜತಾರ ದೊಡ್ಡವ್ವಾ, ಬ್ಯಾಟರಿ ಹೋದ್ರ ಏನ್ಮಾಡೂದಂತ” ಎಂದ. ಆ ಅಂಜಿಕೆ ಸುಮ್ಮನೆ ಹುಟ್ಟಿದ್ದಲ್ಲ. ಈ ಕಾರುಗಳ ಬೆಲೆಯಲ್ಲಿ ದೊಡ್ಡ ಪಾಲು ಬ್ಯಾಟರಿಯದೇ. ಅದಕ್ಕೆ ಸಾಮಾನ್ಯವಾಗಿ ಎಂಟು ವರ್ಷ ಇಲ್ಲವೆ 1,60,000 ಕಿಲೋಮೀಟರಿನ ಗ್ಯಾರಂಟಿ ಇರುತ್ತದೆ, ಎಣಿಕೆ ಶುರುವಾಗುವುದು ಮೊದಲು ಕೊಂಡ ದಿನದಿಂದ. ಬಂಗಾರಕ್ಕೆ ಒರೆಗಲ್ಲು ಇದ್ದ ಹಾಗೆ ಹಳೆಯ ಬ್ಯಾಟರಿಗೂ ಒಂದು ಲೆಕ್ಕವಿದೆ: ಹೊಸದಿದ್ದಾಗ ನೂರು ಹಿಡಿಯುತ್ತಿದ್ದದ್ದು ಈಗ ಎಷ್ಟು ಹಿಡಿಯುತ್ತದೆ ಎಂಬುದು. ಬಿಸಿಲು ಅದಕ್ಕೆ ಆಗುವುದಿಲ್ಲ. ಪೂರ್ತಿ ತುಂಬಿಸಿ ತಿಂಗಳುಗಟ್ಟಲೆ ನಿಲ್ಲಿಸಿದರೂ ಆಗುವುದಿಲ್ಲ, ಪೂರ್ತಿ ಇಳಿಸಿ ನಿಲ್ಲಿಸಿದರೂ ಆಗುವುದಿಲ್ಲ. ಈ ಗಾಡಿ ಎಂಟು ತಿಂಗಳು ಶೆಡ್ಡಿನಲ್ಲಿ ನಿಂತಿತ್ತು. ಲೆಕ್ಕದ ಕಾಗದ ಕೇಳಿದೆ, ಇರಲಿಲ್ಲ. “ತರಿಸಿಕೊಡ್ತೀನಿ” ಎಂದ. ತರಿಸಿದ. ನೂರಕ್ಕೆ ಎಂಬತ್ತೊಂದು.

ಅದು ಕೆಟ್ಟ ಅಂಕಿಯೇನಲ್ಲ. ನನ್ನ 185 ಕಿಲೋಮೀಟರಿಗೆ ಧಾರಾಳವಾಗಿ ಸಾಕು. ತೊಡಕು ಬೇರೆ ಕಡೆ ಇತ್ತು. ಅದರ ಬ್ಯಾಟರಿ 80 ಯೂನಿಟ್ಟಿನದು. ಯೂನಿಟ್ ಎಂದರೆ ನಮ್ಮ ಹೆಸ್ಕಾಂ ಬಿಲ್ಲಿನಲ್ಲಿ ಬರುವ ಅದೇ ಯೂನಿಟ್. ನಮ್ಮ ಮನೆ ತಿಂಗಳಿಗೆ ಉಪಯೋಗಿಸುವುದೇ ಎಪ್ಪತ್ತು. 2023ರಲ್ಲಿ ಗೃಹಜ್ಯೋತಿ ಬಂದ ಮೇಲೆ ಆ ಎಪ್ಪತ್ತಕ್ಕೆ ದುಡ್ಡು ಕೊಟ್ಟಿರಲಿಲ್ಲ. ಇಡೀ ಮನೆ ಒಂದು ತಿಂಗಳು ಉಣ್ಣುವುದನ್ನು ಈ ಅತಿಥಿ ಒಂದೇ ರಾತ್ರಿ ಉಣ್ಣುತ್ತಾನೆ. ಒಂದೇ ರಾತ್ರಿಯಲ್ಲೂ ಅಲ್ಲ, ಫ್ರಿಜ್ಜಿನ ಪಕ್ಕದ ದಪ್ಪ ಪ್ಲಗ್ಗಿನಿಂದ ತಾಸಿಗೆ ಮೂರು ಯೂನಿಟ್ಟಿನ ಮೇಲೆ ಹೋಗುವುದಿಲ್ಲ. ತುಂಬಲು ಒಂದು ಹಗಲು ಒಂದು ರಾತ್ರಿ ಬೇಕು. ಗಾಡಿಯ ತೂಕ ಎರಡೂವರೆ ಟನ್. ಆ ತೂಕ ಹೊರಲೆಂದೇ ಅರ್ಧ ಕರೆಂಟು ಹೋಗುತ್ತದೆಯೇನೋ ಅನ್ನಿಸಿತು. ಬ್ಯಾಟರಿ ಬಿಚ್ಚಬಲ್ಲ ವರ್ಕ್‌ಶಾಪು ಬೆಂಗಳೂರಿನಲ್ಲಿದೆ ಎಂದರು. ಹುಬ್ಬಳ್ಳಿಯಿಂದ ನಾನೂರು ಕಿಲೋಮೀಟರಿಗೂ ಮೇಲೆ. ಮೇಲಾಗಿ ಅದು ಮಹಾರಾಷ್ಟ್ರದ ನಂಬರು. ನಮ್ಮ ರಾಜ್ಯದಲ್ಲಿ ವಿದ್ಯುತ್ ಕಾರುಗಳಿಗೆ ತೆರಿಗೆ ಇರಲಿಲ್ಲವಾದರೂ 2024ರಲ್ಲಿ 25 ಲಕ್ಷಕ್ಕೂ ಮೀರಿದವುಗಳಿಗೆ ನೂರಕ್ಕೆ ಹತ್ತು ಹಾಕಿದ್ದರು. ಇಲ್ಲಿ ನೋಂದಣಿ ಮಾಡಿಸಲು ಹೋದರೆ ಆ ಲೆಕ್ಕವೂ ಬರುತ್ತದೆ. ವ್ಯಾಪಾರಿಯಿಂದ ಕೊಂಡರೆ ಅವನ ಲಾಭದ ಮೇಲೆ ಜಿಎಸ್‌ಟಿ ಬೇರೆ. 2024ರ ಡಿಸೆಂಬರಿನಲ್ಲಿ ಅದನ್ನು ನೂರಕ್ಕೆ 12ರಿಂದ 18ಕ್ಕೆ ಏರಿಸಿದ್ದರು. ಮನೆಯವರಿಂದ ಮನೆಯವರು ಕೊಂಡರೆ ಅದಿಲ್ಲ. ತಂಗಿಯ ಮಗ ಇದನ್ನು ಹೇಳಿರಲಿಲ್ಲ. ನಾನೂ ಕೇಳಿ ಅವನ ಮುಖ ಸಣ್ಣದು ಮಾಡಲಿಲ್ಲ.

ಇಷ್ಟೆಲ್ಲ ತಿಳಿದ ಮೇಲೂ ಆಸೆ ಹೋಗಲಿಲ್ಲ. ಇದನ್ನು ಒಪ್ಪಿಕೊಳ್ಳಬೇಕು. ಶಾಲೆಯ ಮೈದಾನದಲ್ಲಿ ಆ ಗಾಡಿ ಬಂದು ನಿಂತರೆ ಹುಡುಗಿಯರು ಹೇಗೆ ನೋಡಬಹುದು, ತಮ್ಮಂದಿರ ಹೆಂಡಂದಿರು ಏನನ್ನಬಹುದು ಎಂದು ರಾತ್ರಿ ಮಲಗಿದಾಗ ಎಣಿಸಿದ್ದುಂಟು. ಮೂವತ್ತು ವರ್ಷ ಬಸ್ಸಿನ ಕಂಬ ಹಿಡಿದು ನಿಂತವಳಿಗೆ ಅಷ್ಟೂ ಆಸೆ ಇರಬಾರದೇ?

“ಒಂದು ದಿನ ಒಯ್ದು ನೋಡು” ಎಂದು ಅವನೇ ಕೀಲಿ ಕೊಟ್ಟ. ತಾನು ಪಕ್ಕದಲ್ಲಿ ಕೂತ. ನಾನೇ ಕಲಘಟಗಿ ಕಡೆ ಹೊಡೆದುಕೊಂಡು ಹೋದೆ. ಗಾಡಿ ಹೋದದ್ದೇ ತಿಳಿಯಲಿಲ್ಲ. ಹಳ್ಳಿಯ ಓಣಿಗೆ ತಿರುಗಿದಾಗ ತಿಳಿಯಿತು. ಎರಡೂ ಕಡೆ ಕಟ್ಟೆಗಳು, ನಡುವೆ ಈ ಆನೆ. ಅವ್ವನ ಮನೆ ಇನ್ನೂ ಹತ್ತು ಮನೆ ಆಚೆ ಇದ್ದಾಗಲೇ ನಿಲ್ಲಿಸಬೇಕಾಯಿತು. ಕೋಲೂರಿ ಬಂದಳು. ಒಳಗೆ ಕೂರಿಸಿ ಊರ ಹೊರಗಿನ ಕೆರೆಯವರೆಗೆ ಒಯ್ದೆ. ಸುಮಾರು ಹೊತ್ತು ಸುಮ್ಮನಿದ್ದು ಕೇಳಿದಳು: “ಯಾಕವಾ, ಬಂದ್ ಬಿತ್ತೇನು?” ಓಡುತ್ತಿದೆ ಎಂದೆ. ಕಿಟಕಿಯಾಚೆ ನೋಡಿ, “ಹೌದಲ್ಲಾ, ಗಿಡಾ ಹಿಂದ ಹೊಂಟಾವು” ಎಂದಳು. ಇಳಿಯುವಾಗ, ಇದಕ್ಕೆಷ್ಟು ಎಂದು ಕೇಳಿದಳು. ಹೇಳಿದೆ. “ಅಪ್ಪನ ಹೊಲಾ ಪೂರಾ ಇದರಾಗ ಹಾಕ್ತೀಯೇನು?” ಎಂದಳು. ಬೈದದ್ದಲ್ಲ, ಕೇಳಿದ್ದು.

ಮರಳುವಾಗ ಹುಬ್ಬಳ್ಳಿಯವರೆಗೂ ನಾನು ಮಾತಾಡಲಿಲ್ಲ. ನಮ್ಮದು ಎರೆಭೂಮಿ. ಮಳೆಗಾಲದಲ್ಲಿ ಬೆಣ್ಣಿಹಳ್ಳ ತುಂಬಿದರೆ ಯಮನೂರಿನ ಕಡೆ ನೀರು ಎಲ್ಲಿಯವರೆಗೆ ಬರುತ್ತದೆ ಎಂದು ಹೇಳಲಾಗುವುದಿಲ್ಲ. ಇಂಥ ಕಾರುಗಳ ಬ್ಯಾಟರಿ ಇರುವುದು ಕಾಲಡಿಯಲ್ಲಿ. ನೀರು ಒಳಗೆ ಹೋಗದ ಹಾಗೆ ಮುಚ್ಚಿರುತ್ತಾರೆ ನಿಜ. ಆದರೂ ಇಪ್ಪತ್ತೆಂಟು ಲಕ್ಷದ್ದನ್ನು ನೀರಿಗೆ ಇಳಿಸುವ ಧೈರ್ಯ ನನ್ನಲ್ಲಿರುತ್ತಿತ್ತೇ? ಅವ್ವ ಮತ್ತೆ ಬಿದ್ದ ರಾತ್ರಿ ನಾನು ಗಾಡಿಗೆ ಅಂಜಿ ಪಡಸಾಲೆಯಲ್ಲೇ ಕೂತರೆ ಕೊಂಡು ಏನು ಬಂತು? ಕ್ಲಾರಾಳ ಗಾಡಿಯ ಪರದೆ, ಹೂದಾನಿ ನೆನಪಾದವು. ಬೇಡ ಎಂದು ಹೇಳಿಬಿಟ್ಟೆ.

ಆಮೇಲೆ ಎರಡು ತಿಂಗಳಿಗೆ ಧಾರವಾಡದಲ್ಲಿ, ಪರ ರಾಜ್ಯಕ್ಕೆ ವರ್ಗವಾಗಿ ಹೊರಟಿದ್ದ ಬ್ಯಾಂಕಿನ ಅಧಿಕಾರಿಯೊಬ್ಬಾಕೆಯ ಕಾರು ಇದೆಯೆಂದು ತಿಳಿಯಿತು. ಟಾಟಾದವರ ನೆಕ್ಸಾನ್, ಕರೆಂಟಿನದು. 2020ರ ಜನವರಿಯಲ್ಲಿ ಮೊದಲು ಬಂದ ಮಾದರಿ; ಈಕೆ ಕೊಂಡದ್ದು 2022ರಲ್ಲಿ. ಬ್ಯಾಟರಿ 30 ಯೂನಿಟ್ಟಿನದು. ಪರೀಕ್ಷೆಯ ಲೆಕ್ಕದಲ್ಲಿ 312 ಕಿಲೋಮೀಟರು. “ನಮ್ಮ ರಸ್ತಾದಾಗ ಎರಡುನೂರು ಅಂತ ಹಿಡೀರಿ ಟೀಚರ್” ಎಂದು ಆಕೆಯೇ ಹೇಳಿದಳು. ಮಾರುವವರು ಕಡಿಮೆ ಮಾಡಿ ಹೇಳಿದ್ದನ್ನು ನಾನು ಕೇಳಿದ್ದು ಅದೇ ಮೊದಲು. ಲೆಕ್ಕದ ಕಾಗದ ಕೇಳುವ ಮೊದಲೇ ಮುಂದಿಟ್ಟಳು. ನೂರಕ್ಕೆ ತೊಂಬತ್ಮೂರು, ಬ್ಯಾಟರಿಯ ಗ್ಯಾರಂಟಿ ಇನ್ನೂ ನಾಲ್ಕು ವರ್ಷ. ಎಂಟೂಮುಕ್ಕಾಲು ಲಕ್ಷಕ್ಕೆ ಮಾತು ಮುಗಿಯಿತು.

ಟಾಟಾ ಮೋಟಾರ್ಸ್‌ಗೆ 2003ಕ್ಕೂ ಮೊದಲು ಟೆಲ್ಕೋ ಎಂದು ಹೆಸರು. ಹುಬ್ಬಳ್ಳಿಯವರಿಗೆ ಆ ಹೆಸರು ಕೇಳಿದರೆ ಒಂದು ಪೋಸ್ಟ್‌ಕಾರ್ಡು ನೆನಪಾಗುತ್ತದೆ. 1974ರಲ್ಲಿ ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟಿನ ಫಲಕದಲ್ಲಿ ಟೆಲ್ಕೋದ ಜಾಹೀರಾತು ಬಂದಿತ್ತು; ಎಂಜಿನಿಯರರು ಬೇಕು, ಹೆಣ್ಣುಮಕ್ಕಳು ಅರ್ಜಿ ಹಾಕುವುದು ಬೇಡ ಎಂದು. ಹುಬ್ಬಳ್ಳಿಯ ಬಿ.ವಿ.ಬಿ. ಕಾಲೇಜಿನಲ್ಲಿ ಓದಿ ಅಲ್ಲಿಗೆ ಹೋಗಿದ್ದ ಹುಡುಗಿಯೊಬ್ಬಳು, ಇದು ನ್ಯಾಯವೇ ಎಂದು ನೇರವಾಗಿ ಜೆ.ಆರ್.ಡಿ. ಟಾಟಾ ಅವರಿಗೇ ಬರೆದಳು. ತಂತಿ ಬಂತು, ಪುಣೆಯಲ್ಲಿ ಸಂದರ್ಶನವಾಯಿತು, ನೌಕರಿ ಸಿಕ್ಕಿತು. ಆಕೆಯೇ ಸುಧಾ ಕುಲಕರ್ಣಿ, ಮುಂದೆ ಸುಧಾ ಮೂರ್ತಿ. ನಾನು ಈ ಕತೆಯನ್ನು ಪ್ರತಿ ವರ್ಷ ಹುಡುಗಿಯರಿಗೆ ಹೇಳುತ್ತೇನೆ. ಟಾಟಾದವರದೇ ಕಾರು ಮನೆಗೆ ಬಂತೆಂದು ಹೇಳಿದ ಮೇಲೆ ಹಿಂದಿನ ಬೆಂಚಿನವಳೊಬ್ಬಳು, “ಟೀಚರ್, ನೀವೂ ಕಾಗದ ಬರದ್ರ್ಯಾ?” ಎಂದು ಕೇಳಿದಳು.

ಬರೆದದ್ದು ಕಾಗದವಲ್ಲ, ಫಾರಂ 29 ಮತ್ತು 30. ಗಾಡಿಯ ಮಾಲಿಕತ್ವ ಬದಲಿಸುವ ಅರ್ಜಿಗಳು. ಏಜೆಂಟನು ತುಂಬಿಕೊಂಡು ಬಂದಿದ್ದ. ಕೊಳ್ಳುವವರ ಹೆಸರಿನ ಮುಂದೆ ಮಗ, ಹೆಂಡತಿ, ಮಗಳು ಎಂದು ಮೂರಿರುತ್ತದೆ. ಅವನು ಕೇಳದೆಯೇ ಹೆಂಡತಿ ಎಂಬಲ್ಲಿ ನಮ್ಮ ಮನೆಯವರ ಹೆಸರು ಬರೆದಿದ್ದ. ಹೊಸ ಫಾರಂ ಕೊಡಪ್ಪಾ ಎಂದೆ. “ಯಾಕ್ರಿ ಮೇಡಂ, ಸ್ಪೆಲಿಂಗ್ ತಪ್ಪೈತೇನ್ರಿ?” ಎಂದ. ಸ್ಪೆಲಿಂಗ್ ಸರಿಯಿತ್ತು. ನಮ್ಮ ಮನೆಯವರು ಪಕ್ಕದಲ್ಲೇ ನಿಂತಿದ್ದರು. ಅವರು ತಮ್ಮ ಪೆನ್ನು ತೆಗೆದು ಕೊಟ್ಟರು. ನಾನು ಮಗಳು ಎಂಬಲ್ಲಿ ಅಪ್ಪನ ಹೆಸರು ಬರೆದೆ.

ಮುಂದಿನ ಎರಡನೆಯ ಶನಿವಾರ ನಸುಕಿನಲ್ಲಿ ಹೊರಟೆ. ಅವ್ವನನ್ನು ಕರೆದುಕೊಂಡು ಹುಬ್ಬಳ್ಳಿಗೆ ಕಣ್ಣು ತೋರಿಸಲು ಬಂದೆ, ತಿರುಗಿ ಬಿಟ್ಟೆ, ಅವಳು ಕಟ್ಟಿದ ರೊಟ್ಟಿಯ ಗಂಟು ಹಿಂದಿನ ಸೀಟಿನಲ್ಲಿಟ್ಟುಕೊಂಡು ಮರಳಿದೆ. ಗಾಡಿ ಓಣಿಯೊಳಗೆ ಹಿಡಿಯಿತು, ಕಟ್ಟೆಯವರೆಗೂ ಹೋಯಿತು. ಹುಬ್ಬಳ್ಳಿಯಲ್ಲಿ, ಅವ್ವ ಕಣ್ಣಿಗೆ ಔಷಧಿ ಹಾಕಿಸಿಕೊಂಡು ಕೂತಿದ್ದಾಗ, ಒಂದು ಮುಕ್ಕಾಲು ತಾಸು ಚಾರ್ಜಿಗೆ ಹಚ್ಚಿದ್ದೆ. ರಾತ್ರಿ ಎಂಟಕ್ಕೆ ನವಲಗುಂದ ಮುಟ್ಟಿದಾಗ ನಮ್ಮ ಮನೆಯವರು ಬಾಗಿಲಲ್ಲೇ ನಿಂತಿದ್ದರು. ಬ್ಯಾಟರಿ ಎಷ್ಟು ಉಳಿದಿದೆ ಎಂದು ಕಿಟಕಿಯೊಳಗೆ ಬಗ್ಗಿ ನೋಡಿದರು. ನಲವತ್ತೊಂದು ಎಂದಿತ್ತು.